ಉಸಿರು ಹಿಡಿದುಕೊಳ್ಳಿ ಎಂದವರಿಗೆ

ಒಳಕೋಲಾರ,
ಭಾದ್ರಪದದ ಮೂವತ್ತನಾಲ್ಕನೆಯ ದಿನ,
ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ಇನ್ನೂರ ಹನ್ನೊಂದನೆಯ ಇಸವಿ

ಹೆಸರು ತಿಳಿಯದ ತಾಯಿಗೆ ಚೌಡಿಯ ನಮಸ್ಕಾರಗಳು.

ತಿಂಗಳಿಗೆ ಮೂವತ್ತನಾಲ್ಕು ದಿನ ಎಲ್ಲಿಂದ ಬಂತು ಎಂದು ನೀವು ಮೊದಲ ಸಾಲಿಗೇ ಈ ಕಾಗದವನ್ನು ಕೆಳಗಿಟ್ಟುಬಿಡಬಹುದು. ದಯವಿಟ್ಟು ಇಡಬೇಡಿ. ಹಿಂಗಾರಿನ ಮೊದಲ ಹನಿ ಬೀಳುವವರೆಗೂ ನಮ್ಮಲ್ಲಿ ಭಾದ್ರಪದ ಮುಗಿಯುವುದಿಲ್ಲ. ಮಳೆ ತಡವಾದ ವರ್ಷ ತಿಂಗಳೂ ಕಾಯುತ್ತದೆ, ನಾವೂ ಕಾಯುತ್ತೇವೆ. ನನ್ನ ಮಾತು ಕೂಡ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಬರಹವನ್ನು ಓದಿ ಓದಿ, ಆದಷ್ಟೂ ನಿಮ್ಮಂತೆಯೇ ಬರೆಯಲು ಪ್ರಯತ್ನಪಟ್ಟಿದ್ದೇನೆ. ನೀವು ನನಗೆ ಅಜ್ಜಿಯ ಅಜ್ಜಿಯ ಸಮಾನರು. ತಪ್ಪಿದ್ದರೆ ಮೊಮ್ಮಗಳ ತೊದಲು ಎಂದು ಮನ್ನಿಸಿ.

ನೀವು ಯಾರು, ಯಾವ ಊರಿನವರು, ನಿಮಗೆ ಮಕ್ಕಳಿದ್ದರೋ ಇಲ್ಲವೋ, ಯಾವುದೂ ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ನಿಮ್ಮ ಕಾಲದಲ್ಲಿ ಒಂದು ದಿನ ಯಾರೋ ನಿಮ್ಮನ್ನು ಮೈಕಿನ ಮುಂದೆ ಕೂರಿಸಿ ಮೂರು ಮಾತು ಹೇಳಿಸಿದರು. 'ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಈಗ ಬಿಡಿ.' ನೀವು ಸಿ.ಟಿ. ಸ್ಕ್ಯಾನ್ ಎನ್ನುತ್ತಿದ್ದ, ನಾವು ಸುತ್ತುಗಣ್ಣು ಎನ್ನುವ ಯಂತ್ರದಲ್ಲಿ ಮಲಗಿದವರಿಗಾಗಿ ಹೇಳಿದ ಮಾತು ಅದು. ಆಮೇಲೆ ಆ ಯಂತ್ರದ ಉಂಗುರ ಬದಲಾಯಿತು, ಮಂಚ ಬದಲಾಯಿತು, ತಂತಿಗಳೆಲ್ಲ ಬದಲಾದವು. ನಿಮ್ಮ ದನಿಯನ್ನು ಮಾತ್ರ ಹಳೆಯದರಿಂದ ಹೊಸದಕ್ಕೆ ತುಂಬಿಸುತ್ತ ಬಂದರು. ಬೇರೆಯವರಿಂದ ಹೇಳಿಸೋಣವೆಂದು ನೂರೆಂಬತ್ತು ವರ್ಷಗಳಲ್ಲಿ ಯಾರಿಗೂ ತೋಚಿದಂತಿಲ್ಲ.

ಹಿರಿಯರ ಹಬ್ಬಕ್ಕೆ ನಮ್ಮಲ್ಲಿ ಮನೆಗೊಬ್ಬರು ಹಿಂದಿನವರಿಗೆ ಕಾಗದ ಬರೆಯುವ ರೂಢಿ ಇದೆ. ಎಲ್ಲಕ್ಕಿಂತ ಆಳವಾದ ಬಾವಿಗಣಿಯ ಬಾಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿ, ಕೆಳಗಿನ ನೀರಿಗೆ ಬಿಡುತ್ತೇವೆ. ಆ ನೀರು ಎಷ್ಟು ಹಳೆಯದೆಂದರೆ ಅದರ ಕೆಳಗೆ ನಿಮ್ಮ ಕಾಲ ಇದ್ದರೂ ಇರಬಹುದೆಂದು ಮಕ್ಕಳು ನಂಬುತ್ತಾರೆ. ನಾನೂ ಅರ್ಧ ನಂಬುತ್ತೇನೆ. ಎಲ್ಲರೂ ತಮ್ಮ ಮನೆಯ ಹಿರಿಯರಿಗೆ ಬರೆಯುವಾಗ ನಾನು ನಿಮಗೆ ಬರೆಯುತ್ತಿರುವುದು ನನ್ನ ಅಕ್ಕ ಸೊಣ್ಣಮ್ಮನಿಂದಾಗಿ. ಅವಳ ಕಥೆಯಲ್ಲಿ ನೀವೂ ಇದ್ದೀರಿ.

ನಾವಿರುವುದು ನಿಮ್ಮ ಕಾಲದಲ್ಲಿ ಮುಚ್ಚಿಬಿದ್ದಿದ್ದ ಚಿನ್ನದ ಗಣಿಯಲ್ಲಿ. ಮೇಲೆ ಬಿಸಿಲು ತಾಳಲಾರದಷ್ಟಾದಾಗ ಹಿರಿಯರು ನೀರೆತ್ತಿ ಹಾಕಿ, ಸುರಂಗಗಳಿಗೆ ಸುಣ್ಣ ಬಳಿದು, ಬೀದಿ ಮಾಡಿಕೊಂಡರು. ತೀರ ಆಳಕ್ಕಿಳಿದರೆ ಬಂಡೆಯೇ ಕಾದಿರುತ್ತದೆ, ಮೇಲೆ ಹೋದರೆ ಬಿಸಿಲು. ನಡುವೆ ತೆಳುವಾದ ತಂಪಿನ ಪದರವೊಂದಿದೆ, ಅದರಲ್ಲಿ ನಮ್ಮ ಊರು. ಹಗಲಿನ ಬೆಳಕನ್ನು ಕನ್ನಡಿಗಳಿಂದ ಒಳಗಿಳಿಸುತ್ತೇವೆ. ಕನ್ನಡಿಯಿಂದ ಕನ್ನಡಿಗೆ ಬಳುಕಿ ಬರುವಷ್ಟರಲ್ಲಿ ಅದು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಹೊತ್ತಿಳಿದ ಮೇಲೆ ಊರಿಗೆ ಊರೇ ಮೇಲಕ್ಕೆ ಹೋಗುತ್ತದೆ. ಅದನ್ನು ಸಂಜೆಯೇರು ಎನ್ನುತ್ತೇವೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹಸುಗಳು, ನೆಂಟರಿಷ್ಟರ ಜಗಳ, ಮದುವೆ ಮಾತುಕತೆ, ಎಲ್ಲವೂ ಮೇಲೆ, ಆ ಹೊತ್ತಿನಲ್ಲೇ. ನನ್ನದು ರೇಷ್ಮೆ ಹುಳು ಸಾಕುವ ಕೆಲಸ. ಹುಳು ದೊಡ್ಡದಾಗಿ ಸೊಪ್ಪು ಮೇಯುವ ಸದ್ದು ದೂರದಲ್ಲಿ ಮಳೆ ಹಿಡಿದಂತೆ ಕೇಳಿಸುತ್ತದೆ. ಮಳೆಯನ್ನೇ ಕಾಣದ ಕೂಸುಗಳನ್ನು ತಾಯಂದಿರು ನನ್ನ ತಟ್ಟೆಗಳ ಪಕ್ಕಕ್ಕೆ ತಂದು ಮಲಗಿಸಿ ಹೋಗುತ್ತಾರೆ.

ಅಕ್ಕ ಊರಿನ ಗಾಳಿಯಮ್ಮ. ಸುರಂಗದ ಊರಿನಲ್ಲಿ ಗಾಳಿ ತಾನಾಗಿ ಬರುವುದಿಲ್ಲ, ಕರೆತರಬೇಕು. ದಾರಕ್ಕೆ ಕಟ್ಟಿದ ಕೋಳಿ ಗರಿಯನ್ನು ಹಿಡಿದು ಅವಳು ಬೀದಿ ಬೀದಿ ನಡೆಯುವಳು. ಗರಿ ಅಲುಗದ ಕಡೆ ಮರದ ಬಾಗಿಲೊಂದನ್ನು ತೆರೆದು, ಇನ್ನೊಂದನ್ನು ಮುಚ್ಚಿ, ಗಾಳಿಯನ್ನು ಹಸು ತಿರುಗಿಸಿದಂತೆ ಆ ಕಡೆಗೆ ತಿರುಗಿಸುವಳು. ಅಮ್ಮ ತೀರಿಕೊಂಡಾಗ ನಾನು ಇನ್ನೂ ಜಡೆ ಹಾಕಿಕೊಳ್ಳಲು ಬಾರದವಳು. ನನ್ನನ್ನು ಬೆಳೆಸಿದವಳು ಅಕ್ಕ. ಮದುವೆ ಮಾಡಿಸಿದವಳು ಅವಳು. ಗಂಡ ಹೋದ ಮೇಲೆ ಮತ್ತೆ ಮನೆಗೆ ಕರೆದುಕೊಂಡವಳೂ ಅವಳೇ. ತಾನು ಮಾತ್ರ ಮದುವೆಯಾಗಲಿಲ್ಲ.

ಅಮ್ಮನನ್ನು ಒಯ್ದದ್ದು ಯಕೃತ್ತಿನ ಕ್ಯಾನ್ಸರ್. ಅವಳ ರಕ್ತದಲ್ಲಿ ಕಾಮಾಲೆಯ ವೈರಸ್ಸು ಇತ್ತು. ಹುಟ್ಟಿದ ದಿನವೇ ಕೂಸಿಗೆ ಚುಚ್ಚುಮದ್ದು ಹಾಕಿದರೆ ಅದು ತಾಯಿಯಿಂದ ಮಗುವಿಗೆ ದಾಟುವುದು ಬಹುಮಟ್ಟಿಗೆ ತಪ್ಪುತ್ತದೆ. ನಿಮ್ಮ ಕಾಲದಲ್ಲಿ ಅದು ಯಾವ ಹೆರಿಗೆ ಆಸ್ಪತ್ರೆಯಲ್ಲಾದರೂ ಸಿಗುತ್ತಿತ್ತು ಎಂದು ಓದಿ ಬೆರಗಾಗಿದ್ದೇನೆ. ಆಮೇಲೆ ಬಂದದ್ದು ನಂದುಗಾಲ. ಕಾರ್ಖಾನೆಗಳು ನಿಂತು, ಔಷಧಗಳು ಒಂದೊಂದಾಗಿ ಮುಗಿದು, ಜನರು ಕತ್ತಲಲ್ಲಿ ತಡಕಾಡಿದ ಹಲವು ದಶಕಗಳು. ಅಕ್ಕ ಹುಟ್ಟಿದ್ದು ಅದರ ಕೊನೆಯಲ್ಲಿ, ಮದ್ದು ಇರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಮದ್ದು ಮತ್ತೆ ಬಂದಿತ್ತು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ. ಅವಳಿಗೆ ಅರವತ್ತು ಸಮೀಪಿಸಿದಾಗ ಅಮ್ಮನ ಕಾಯಿಲೆ ಅವಳನ್ನು ಹುಡುಕಿಕೊಂಡು ಬಂತು.

ನಮ್ಮ ಆಸ್ಪತ್ರೆಯ ವೈದ್ಯೆ ಡಾಕ್ಟರ್ ನುಸ್ರತ್. ಗಟ್ಟಿಯಾಗಿ ಮಾತಾಡದ, ಸುಳ್ಳು ಹೇಳಲು ಬಾರದ ಹೆಂಗಸು. ಅಕ್ಕನ ತೊಡೆಯ ಸಂದಿನಿಂದ ನೂಲಿನಷ್ಟು ಸಣ್ಣ ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ, ಯಕೃತ್ತಿನ ಗಡ್ಡೆಯವರೆಗೂ ನಡೆಸಿ, ಔಷಧ ಬೆರೆತ ಎಣ್ಣೆಯನ್ನು ಅಲ್ಲಿಯೇ ಬಿಟ್ಟು ಬಂದರು. ಗಡ್ಡೆಯ ಅನ್ನದ ದಾರಿಯನ್ನು ಮುಚ್ಚುವ ಉಪಾಯ. ಇದೂ ನಿಮ್ಮವರೇ ಕಂಡುಹಿಡಿದದ್ದಂತೆ. ಅಕ್ಕ ಒಂದು ವಾರ ಜ್ವರದಲ್ಲಿ ಮಲಗಿ ಎದ್ದಳು. ಎಲ್ಲ ಸತ್ತಿದೆಯೋ, ಏನಾದರೂ ಉಳಿದಿದೆಯೋ ಎಂದು ನೋಡಲು ತಿಂಗಳ ಮೇಲೆ ಸುತ್ತುಗಣ್ಣಿಗೆ ಬರಹೇಳಿದರು. ನಿಮ್ಮಲ್ಲಿ ದೊಡ್ಡ ಆಯಸ್ಕಾಂತದ ಇನ್ನೊಂದು ಯಂತ್ರವೂ ಇತ್ತಂತೆ. ಅದನ್ನು ತಂಪಾಗಿಡುವ ಅನಿಲ ನೆಲದಲ್ಲಿ ಮುಗಿದುಹೋಗಿದೆ. ನಮಗೆ ಉಳಿದಿರುವುದು ಸುತ್ತುಗಣ್ಣೊಂದೇ.

ಆ ದಿನ ನಾನು ಹೊರಗಿನ ಮೊಗಸಾಲೆಯಲ್ಲಿ ಕುಳಿತಿದ್ದೆ. ಗಾಜಿನಾಚೆ ಅಕ್ಕ ಎರಡೂ ಕೈ ತಲೆಯ ಮೇಲೆತ್ತಿ ಮಲಗಿದ್ದಳು. ರಕ್ತ ಹರಿಯುವ ಜಾಗ ಚಿತ್ರದಲ್ಲಿ ಎದ್ದು ಕಾಣಲೆಂದು ಹಾಕುವ ಬಣ್ಣದ ಮದ್ದು ತೋಳಿನೊಳಗೆ ಹರಿದಾಗ ಬೆಚ್ಚನೆಯ ನೀರಿನಲ್ಲಿ ಇಳಿದಂತಾಯಿತೆಂದು ಆಮೇಲೆ ಹೇಳಿದಳು. ಆಗ ನಿಮ್ಮ ದನಿ ಬಂತು. ನಾನು ಮೊದಲ ಸಲ ಕೇಳಿದ್ದು. ಅವಸರವಿಲ್ಲ, ಅಪ್ಪಣೆಯಿಲ್ಲ, ಪಕ್ಕದ ಮನೆಯಿಂದ ಯಾರೋ ಕರೆದಂತೆ. 'ಹಿಡಿದುಕೊಳ್ಳಿ' ಎಂದಿರಿ. ಅಕ್ಕ ಗಟ್ಟಿಯಾಗಿಯೇ ಉತ್ತರ ಕೊಟ್ಟಳು:

"ಆಯ್ತು ಕಣಮ್ಮ, ಹಿಡ್ಕೊಂಡೆ."

ಒಳಗಿದ್ದವರೆಲ್ಲ ನಕ್ಕರು. ಡಾಕ್ಟರ್ ನುಸ್ರತ್ ಮಾತ್ರ ನಗಲಿಲ್ಲ. ಚಿತ್ರಗಳನ್ನು ಬಹಳ ಹೊತ್ತು ನೋಡಿ ನಮ್ಮ ಬಳಿ ಬಂದರು.

"ಎಣ್ಣೆ ಚೆನ್ನಾಗಿ ಕೂತಿದೆ," ಎಂದರು.

"ಅಂದ್ರೆ ಸತ್ತೋಯ್ತು ಅನ್ನು."

"ಹಾಗಂತ ಇವತ್ತು ಹೇಳೋಕಾಗಲ್ಲ ಸೊಣ್ಣಮ್ಮನವರೇ. ಈ ಚಿತ್ರದಲ್ಲಿ ಎಣ್ಣೆ ಬೆಳ್ಳಗೆ ಕಾಣುತ್ತೆ. ಬದುಕಿರೋ ಗಡ್ಡೆ ಬಣ್ಣದ ಮದ್ದು ಕುಡಿದಾಗ ಅದೂ ಬೆಳ್ಳಗೇ ಕಾಣುತ್ತೆ. ಸುಣ್ಣದ ಗೋಡೆ ಮೇಲೆ ನಿಮ್ಮ ತಂಗಿಯ ಹುಳು ಹರಿದರೆ ಕಣ್ಣಿಗೆ ಬೀಳುತ್ತಾ?"

ದಾರಿ ಇಲ್ಲದಿಲ್ಲ ಎಂದರು. ಮದ್ದು ಹರಿಯುವ ಮೊದಲಿನ ಚಿತ್ರವನ್ನು ಹರಿದ ಮೇಲಿನ ಚಿತ್ರದಿಂದ ಕಳೆದರೆ ಎಣ್ಣೆಯ ಬಿಳುಪು ಮಾಯವಾಗಿ, ಜೀವ ಇರುವ ಜಾಗ ಮಾತ್ರ ಉಳಿಯುತ್ತದೆ. ಆದರೆ ಎರಡೂ ಚಿತ್ರಗಳಲ್ಲಿ ಯಕೃತ್ತು ಒಂದೇ ಕಡೆ ಇರಬೇಕು. ಉಸಿರಿನ ಜೊತೆ ಅದು ಮೇಲೆ ಕೆಳಗೆ ಸರಿಯುತ್ತದೆ. ಅಕ್ಕ ಮಾತಾಡಿಬಿಟ್ಟಿದ್ದರಿಂದ ಒಂದರ ಮೇಲೊಂದು ಕೂರುತ್ತಿರಲಿಲ್ಲ. ಮತ್ತೊಮ್ಮೆ ಮಾಡಬೇಕು, ಆ ಮದ್ದನ್ನು ಸೋಸುವ ಮೂತ್ರಪಿಂಡಕ್ಕೆ ಬಿಡುವು ಕೊಟ್ಟು ಕೆಲವು ವಾರ ಕಳೆದ ಮೇಲೆ.

"ಮಾತಾಡಿಸಿದ್ರೆ ಮಾತಾಡ್ದೆ ಇರಕ್ಕಾಗ್ತದಾ?" ಅಕ್ಕ ಸಿಡುಕಿದಳು. "ಅಷ್ಟು ಚೆಂದಾಗಿ ಹೇಳ್ತಾಳೆ ಆಯಮ್ಮ."

ನಮ್ಮ ಬೀದಿಯವರು ಹೋಳಿಗೆ ಮಾಡಿಕೊಂಡು ಕಾದಿದ್ದರು. ನಾವು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಎಲ್ಲರೂ ಎದ್ದು ನಿಂತರು. ಅಕ್ಕ ಅವರ ಮುಖಗಳನ್ನು ನೋಡಿದಳು. ಗರಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು, "ಹೋಯ್ತಂತೆ," ಎಂದಳು.

ಕೂಗು ಸುರಂಗದುದ್ದಕ್ಕೂ ಓಡಿತು. ನಾನು ತಟ್ಟೆ ಹಿಡಿದು ಕುಳಿತೆ. ತುಪ್ಪ ಹಾಕಿದ ಬಿಸಿ ಹೋಳಿಗೆಯನ್ನು ಪಕ್ಕದ ಮಗುವಿನ ತಟ್ಟೆಗೆ ದಾಟಿಸಿದೆ. ಅಕ್ಕ ಎರಡು ತಿಂದಳು.

ಆಮೇಲಿನ ವಾರಗಳು ನನಗೆ ಕನಸಿನ ಹಾಗೆ ನೆನಪಿವೆ. ಕನ್ನಡಿಯ ಬೆಳಕು ಎಂದಿನಂತೆ ಇಳಿಯಿತು, ಹುಳುಗಳು ಜ್ವರಕ್ಕೆ ಕೂತು ಎದ್ದವು. ಪೊರೆ ಬಿಡುವ ಮುನ್ನ ತಲೆಯೆತ್ತಿ ನಿದ್ರಿಸುವುದನ್ನು ನಾವೂ ನಿಮ್ಮಂತೆ ಜ್ವರ ಎಂದೇ ಕರೆಯುತ್ತೇವೆ. ಅಕ್ಕ ಹಾಡು ಗುನುಗುತ್ತ ಬೀದಿ ಸುತ್ತಿದಳು. ಅವಳ ಬಣ್ಣ ಮರಳಿತ್ತು, ಹಸಿವು ಮರಳಿತ್ತು. ಬಹುಶಃ ನಿಜವಾಗಿಯೂ ಹೋಗಿರಬಹುದೆಂದು ನನಗೂ ಅನ್ನಿಸತೊಡಗಿತು. ಡಾಕ್ಟರ್ ಹೇಳಿಕಳಿಸಿದಾಗಲೆಲ್ಲ ಅಕ್ಕನಿಗೆ ಯಾವುದೋ ಬಾಗಿಲು ಸರಿಮಾಡುವ ಕೆಲಸ ನೆನಪಾಗುತ್ತಿತ್ತು.

ಒಂದು ದಿನ ಸಂಜೆಯೇರಿನಲ್ಲಿ ಇಬ್ಬರೂ ಸೊಪ್ಪು ಕೀಳುತ್ತಿದ್ದೆವು. ಆಕಾಶ ಕಾವಿ ಬಣ್ಣಕ್ಕೆ ತಿರುಗಿತ್ತು, ನೆಲ ಇನ್ನೂ ಕಾವು ಬಿಡುತ್ತಿತ್ತು. ಅಕ್ಕ ಬಗ್ಗಿದವಳು ನನ್ನ ಕಡೆ ತಿರುಗಿ, "ಏನೇ ಚೌಡಿ, ಹಂಗ್ಯಾಕ್ ನೋಡ್ತೀಯ?" ಎಂದಳು.

"ಕಣ್ಣು ಹಳದಿ ಆಗೈತಾ ಅಂತ."

"ಆಗೈತಾ?"

"ಗೊತ್ತಾಗ್ತಿಲ್ಲ. ಈ ಬೆಳಕಲ್ಲಿ ಎಲ್ಲಾ ಹಳದಿಯೇ." ನಾನು ಸೊಪ್ಪಿನ ಕುಕ್ಕೆ ಕೆಳಗಿಟ್ಟೆ. "ಅಕ್ಕ, ನೀನು ನೋಡಿಸ್ಕೊಳ್ದೆ ಇದ್ರೆ ನಾನು ದಿನಾ ನಿನ್ನನ್ನ ನೋಡ್ಕೊಂಡು ಕೂತಿರಬೇಕು. ಕಾಲು ಊದ್ಕೊಂತಾ, ಹೊಟ್ಟೆ ಉಬ್ಬಿತಾ ಅಂತ. ಅಮ್ಮನ್ನ ಹಂಗೇ ನೋಡಿದ್ದೆ. ಇನ್ನೊಂದ್ಸಲ ನನ್ ಕೈಲಾಗಲ್ಲ. ಆ ಕೆಲ್ಸ ಮಿಷಿನ್ ಮಾಡ್ಲಿ ಬಿಡು."

ಅಕ್ಕ ಮುಂದಿನ ಗಿಡಕ್ಕೆ ಸರಿದು ಸೊಪ್ಪು ಕೀಳತೊಡಗಿದಳು. ಮುಖ ಕಾಣಿಸುತ್ತಿರಲಿಲ್ಲ.

"ಹೋಯ್ತು ಅಂದಾಗ ಎಷ್ಟು ಹಗುರ ಆಗಿತ್ತು ಗೊತ್ತಾ?" ಎಂದಳು ಅಲ್ಲಿಂದಲೇ. "ಸುಳ್ಳು ಅಂತ ಗೊತ್ತಿತ್ತು. ಆದ್ರೂ ಹಗುರ ಆಗಿತ್ತು. ಐತೆ ಅಂದ್ಬಿಟ್ರೆ ಮತ್ತೆ ಆ ಕೊಳವೆ, ಆ ಜ್ವರ. ಅದಕ್ಕೆ ಹೆದ್ರಿಕೆ ಕಣೇ."

"ನಾನೂ ಬತ್ತೀನಿ."

"ನೀನು ಬಂದು ಏನ್ ಮಾಡ್ತೀಯ, ಹೊರಗೆ ಕೂತಿರ್ತೀಯ."

"ಕೂತಿರ್ತೀನಿ."

ಅಂದಿನಿಂದ ಅವಳು ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದಳು. ಹುಳುಮನೆಯ ಚಾಪೆಯ ಮೇಲೆ ಕೈಯೆತ್ತಿ ಮಲಗುವಳು. ನಾನು ನಿಮ್ಮ ದನಿಯನ್ನು ಅಣಕಿಸುತ್ತ ಎಳೆದುಕೊಳ್ಳಿ, ಹಿಡಿದುಕೊಳ್ಳಿ ಎನ್ನುವೆನು. ಪ್ರತಿಸಲವೂ ಅಷ್ಟೇ ಉಸಿರು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಮೊದಮೊದಲು ನಗು ಬಂದುಬಿಡುತ್ತಿತ್ತು. ನನ್ನ ದನಿ ಸೊಪ್ಪು ಮಾರುವವಳಂತಿದೆ ಎಂದು ಬೈಯುತ್ತಿದ್ದಳು. ಸುತ್ತಲೂ ಹುಳುಗಳ ಮಳೆ ಸುರಿಯುತ್ತಿತ್ತು. ಆ ಮಧ್ಯಾಹ್ನಗಳಷ್ಟು ನೆಮ್ಮದಿಯ ಹೊತ್ತು ನಮ್ಮ ಬಾಳಿನಲ್ಲಿ ಬೇರೆ ಇತ್ತೋ ಇಲ್ಲವೋ.

ಎರಡನೆಯ ಸಲ ನೀವು ಹೇಳಿದಿರಿ, ಅಕ್ಕ ಮಾತಾಡಲಿಲ್ಲ. ಅವಳ ಎದೆ ಬಂಡೆಯಂತೆ ನಿಂತಿತು.

ಡಾಕ್ಟರ್ ನಮ್ಮಿಬ್ಬರನ್ನೂ ಒಳಗೆ ಕರೆದು ಪರದೆ ತೋರಿಸಿದರು. ಮನುಷ್ಯರ ಒಳಗು ಹಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಮೋಡದ ಮೇಲಿಂದ ನೋಡಿದ ನಾಡಿನಂತೆ, ಬೂದುಬಣ್ಣದ ಬಯಲು, ಅದರಲ್ಲಿ ಕವಲೊಡೆದು ಹರಿಯುವ ಬೆಳ್ಳಿ ಹೊಳೆಗಳು. ಅದರ ನಡುವೆ ಎಣ್ಣೆಯ ಬಿಳಿ ಗುಂಡು. ಅವರು ಒಂದು ಚಿತ್ರವನ್ನು ಇನ್ನೊಂದರಿಂದ ಕಳೆದರು. ಗುಂಡು ಮಂಜಿನಂತೆ ಕರಗಿತು. ಅದರ ಹಿಂಬದಿಯ ಅಂಚಿನಲ್ಲಿ, ಬಿದಿಗೆಯ ಚಂದ್ರನಷ್ಟು ತೆಳ್ಳಗೆ, ಒಂದು ಗೆರೆ ಉಳಿಯಿತು. ಮದ್ದು ಹರಿದ ಮೊದಲ ಗಳಿಗೆಯಲ್ಲಿ ಅದು ಬೆಳಗುತ್ತಿತ್ತು. ತಡವಾಗಿ ತೆಗೆದ ಚಿತ್ರದಲ್ಲಿ ಸುತ್ತಲಿನದಕ್ಕಿಂತ ಮಂಕಾಗಿತ್ತು. ಹಾಗೆ ಬೇಗ ಕುಡಿದು ಬೇಗ ಬಿಟ್ಟುಕೊಡುವುದೇ ಆ ಕಾಯಿಲೆಯ ಗುರುತು ಎಂದರು ಡಾಕ್ಟರ್. ಅದು ಉಳಿದ ಕ್ಯಾನ್ಸರ್.

ಅಕ್ಕ ಪರದೆಯ ಹತ್ತಿರಕ್ಕೆ ಹೋಗಿ, ಎಳೆಗೂಸನ್ನು ನೋಡುವಂತೆ ನೋಡಿದಳು.

"ಚೆಂದಾಗೈತೆ," ಎಂದಳು. ಆಮೇಲೆ, "ತೆಗೆದಾಕು ಡಾಕ್ಟ್ರಮ್ಮ."

ಆ ದಿನ ಬೀದಿಯವರು ಮತ್ತೆ ಸೇರಿದ್ದರು. ಅಕ್ಕ ನಡುವೆ ನಿಂತು ಹೇಳಿದಳು: "ಹೋಗಿಲ್ಲ. ಆವತ್ತು ನಾನು ಸುಳ್ಳು ಹೇಳ್ದೆ. ತಿಂದ ಹೋಳಿಗೆ ವಾಪಸ್ ಕೇಳ್ಬೇಡ್ರಿ." ಎದುರುಮನೆಯ ಪಿಳ್ಳಕ್ಕ, ಊರಿನಲ್ಲೇ ಬಾಯಿ ಜೋರಿನ ಹೆಂಗಸು, ಬಂದು ಅಕ್ಕನ ಕೈಯಿಂದ ಗರಿಯ ದಾರ ತೆಗೆದುಕೊಂಡು, "ಇವತ್ತು ನಾನು ಸುತ್ತಿ ಬತ್ತೀನಿ, ನೀನು ಮಲಕ್ಕೋ," ಎಂದಳು.

ಈ ಸಲ ಕೊಳವೆಯಲ್ಲ, ಸೂಜಿ. ಅಕ್ಕನನ್ನು ಅದೇ ಉಂಗುರದೊಳಗೆ ಮಲಗಿಸಿ, ಚಿತ್ರ ನೋಡುತ್ತ ನೋಡುತ್ತ ಆ ಗೆರೆಯವರೆಗೂ ಸೂಜಿಯನ್ನು ನಡೆಸಿ, ಅದರ ತುದಿಯನ್ನು ಕಾಯಿಸಿ ಸುಟ್ಟರು. ತಿಂಗಳ ಮೇಲೆ ಮತ್ತೆ ಸುತ್ತುಗಣ್ಣು. ಗೆರೆಯಿದ್ದ ಜಾಗದಲ್ಲಿ ಕಪ್ಪು ಗುಳಿಯೊಂದಿತ್ತು. ಅದರ ಅಂಚಿನಲ್ಲಿ ಏನೂ ಬೆಳಗಲಿಲ್ಲ. ಅಕ್ಕ ಕೇಳಿದಳು, "ಈಗಾದ್ರೂ ಹೋಯ್ತು ಅನ್ನು." ಡಾಕ್ಟರ್ ನುಸ್ರತ್ ಇಲ್ಲವೆಂದು ತಲೆಯಾಡಿಸಿದರು. "ಇವತ್ತು ಏನೂ ಕಾಣ್ತಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ." ಅಕ್ಕ ಬಳೆ ಏರಿಸಿಕೊಳ್ಳುತ್ತ, "ಸರಿ, ಇವತ್ತಿಗೆ ಸಾಕು," ಎಂದಳು. ಹಾಗೆ ಬದುಕುವುದನ್ನು ಅವಳು ಅಂದು ಕಲಿತಳು. ನನಗೆ ಬಹಳ ಕಾಲ ಹಿಡಿಯಿತು.

ಹತ್ತು ವರ್ಷಕ್ಕೂ ಮಿಕ್ಕಿ ನಾವು ಆ ಮೊಗಸಾಲೆಗೆ ಹೋಗಿಬಂದೆವು. ನಡುವೆ ಒಮ್ಮೆ ಬೇರೆ ಕಡೆ ಚುಕ್ಕಿಯೊಂದು ಕಾಣಿಸಿಕೊಂಡಿತು. ಸಣ್ಣದಿರುವಾಗಲೇ ಕಂಡದ್ದರಿಂದ ಅದನ್ನೂ ಸುಟ್ಟರು. ಉಳಿದೆಲ್ಲ ಸಲವೂ ಅದೇ ಮಾತು: ಇವತ್ತು ಏನೂ ಕಾಣ್ತಿಲ್ಲ. ಆ ವರ್ಷಗಳಲ್ಲಿ ಅಕ್ಕ ಪಿಳ್ಳಕ್ಕನ ಇಬ್ಬರು ಹೆಣ್ಣುಮಕ್ಕಳಿಗೆ ಗಾಳಿಯ ಕೆಲಸ ಕಲಿಸಿದಳು. ಎರಡು ಒಳ್ಳೆಯ ಮಳೆ ಕಂಡಳು. ಈಜು ಕಲಿಯುತ್ತೇನೆಂದು ಹಟ ಹಿಡಿದು ಕಲಿಯಲಾರದೆ ಹೋದಳು. ನನ್ನೊಂದಿಗೆ ಲೆಕ್ಕವಿಲ್ಲದಷ್ಟು ಸಲ ಜಗಳವಾಡಿದಳು.

ಹೋದ ಬೇಸಿಗೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ, ಅವಳ ಹೃದಯ ನಿಂತಿತು. ವಯಸ್ಸಾಗಿತ್ತು. ಡಾಕ್ಟರ್ ನುಸ್ರತ್ ಮನೆಗೆ ಬಂದು, ಅಕ್ಕನ ಕೊನೆಯ ಚಿತ್ರ ಸ್ವಚ್ಛವಾಗಿತ್ತೆಂದು ನನಗೆ ಹೇಳಿ, ಪಕ್ಕದಲ್ಲಿ ಕುಳಿತು ಅತ್ತರು. ಪಿಳ್ಳಕ್ಕನ ಹೆಣ್ಣುಮಕ್ಕಳಿಬ್ಬರೂ ಅಂದು ಊರಿನ ಅಷ್ಟೂ ಗಾಳಿಬಾಗಿಲುಗಳನ್ನು ಒಟ್ಟಿಗೆ ತೆರೆದುಬಿಟ್ಟರು. ಹಿಂದೆ ಯಾರೂ ಹಾಗೆ ಮಾಡಿದ್ದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಳಿ ಬೀಸಿತು, ಒಣಹಾಕಿದ ಸೀರೆಗಳು ಬೀದಿಯುದ್ದಕ್ಕೂ ಹಾರಿದವು, ಕನ್ನಡಿಗಳು ಅಲುಗಿ ಬೆಳಕು ಗೋಡೆಯ ಮೇಲೆ ನೀರಿನಂತೆ ತುಳುಕಿತು.

ಇಷ್ಟೇ ನಡೆದದ್ದು. ಮೇಲೆ ಮೋಡ ಕಟ್ಟುತ್ತಿದೆಯೆಂದು ಮಕ್ಕಳು ಓಡಿಬಂದು ಹೇಳುತ್ತಿದ್ದಾರೆ. ಮಳೆ ಬಿದ್ದರೆ ತಿಂಗಳು ಮುಗಿದುಬಿಡುತ್ತದೆ. ಅದಕ್ಕೂ ಮೊದಲು ಓದಿ ಮುಗಿಸಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಈ ಕಾಗದ ನೀವು ಮೈಕಿನ ಮುಂದೆ ಕೂರುವ ದಿನಕ್ಕೆ ಮೊದಲೇ ತಲುಪಿದರೆ, ಹೇಳುವ ರೀತಿಯನ್ನೇನೂ ಬದಲಾಯಿಸಬೇಡಿ. ಅದು ಸರಿಯಾಗಿಯೇ ಇದೆ. ಆದರೆ ಕೆಲಸ ಮುಗಿಸಿ ಹೊರಗೆ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಯಾರೋ ಕುಳಿತಿರುತ್ತಾರೆ. ಕಾಯಿಲೆಯವರಲ್ಲ, ಅವರ ಜೊತೆ ಬಂದವರು. ಮಡಿಲಲ್ಲಿ ಒಳಗೆ ಹೋದವರ ಬಳೆ, ಓಲೆ, ಚಪ್ಪಲಿಯ ಚೀಲ ಇರುತ್ತದೆ. ಕಣ್ಣು ಬಾಗಿಲ ಮೇಲಿರುತ್ತದೆ. ನಿಮಗೆ ಬಸ್ಸಿಗೆ ಹೊತ್ತಾಗಿದ್ದರೂ ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿ. ಏನೂ ಮಾತಾಡಬೇಕಾಗಿಲ್ಲ.

ಇತಿ ನಿಮ್ಮ ಮುಂದಿನವಳು,
ಚೌಡಿ